ಸೆಕೆಯ ಊರಿಗೆ 27 ಡಿಗ್ರಿ: ನಮ್ಮ ಒಂದು ಟನ್ ಎಸಿ, ಎರಡು ಬೇಸಿಗೆ ಕಳೆದ ಮೇಲೆ

ಕಾರವಾರದ ಕೋಡಿಬಾಗದ ನಮ್ಮ ಮನೆಗೆ ಎಸಿ ಬಂದದ್ದು 2024ರ ಮಾರ್ಚ್ ಕೊನೆಯಲ್ಲಿ. ಶಿರಸಿಯ ಮಾರಿಕಾಂಬಾ ಜಾತ್ರೆ ಮುಗಿಸಿ, ದೇವಿಮನೆ ಘಾಟ್ ಇಳಿದು ಕಾರವಾರಕ್ಕೆ ವಾಪಸ್ ಬಂದ ರಾತ್ರಿ ಅತ್ತೆಗೆ ನಿದ್ದೆಯೇ ಹತ್ತಲಿಲ್ಲ. ಅವರಿಗೆ 76 ವರ್ಷ. ರಾತ್ರಿ ಎರಡು ಗಂಟೆಗೆ ನೀರು ಕುಡಿಯಲು ಎದ್ದು ನೋಡುತ್ತೇನೆ, ಅಡುಗೆಮನೆಯ ಬರಿ ನೆಲದ ಮೇಲೆ ಮಲಗಿದ್ದಾರೆ. ಚಾಪೆ ಕೂಡ ಇಲ್ಲ. ಬೆನ್ನಿಗೆ ಸ್ವಲ್ಪ ತಂಪು ಸಿಗಲಿ ಅಂತ. ಅವತ್ತೇ ಎಸಿ ತರುವುದು ಎಂದು ನಿಶ್ಚಯ ಮಾಡಿದೆವು.

ತಂದದ್ದು ಒಂದು ಟನ್ನಿನ ಇನ್ವರ್ಟರ್ ಎಸಿ, ಅಂದರೆ ಬೇಕಾದ ತಂಪಿಗೆ ತಕ್ಕಂತೆ ಕಂಪ್ರೆಸರಿನ ವೇಗವನ್ನು ತಾನೇ ಹೆಚ್ಚುಕಮ್ಮಿ ಮಾಡಿಕೊಳ್ಳುವಂಥದ್ದು. 5 ಸ್ಟಾರ್, ತಾಮ್ರದ ಕಾಯಿಲ್. ರೂಮು ಹತ್ತಡಿ, ಹನ್ನೆರಡಡಿ. ಮೇಲೆ ಸ್ಲ್ಯಾಬ್. ಕಂಪನಿಯ ಹೆಸರು ಬರೆಯುವುದಿಲ್ಲ. ಇಲ್ಲಿ ನಾನು ಹೇಳಬೇಕಾದದ್ದು ರಿಮೋಟಿನ ಮೇಲೆ ಕಾಣುವ ಆ ಎರಡು ಅಂಕಿಯ ವಿಷಯ. ಅದು ಯಾವ ಕಂಪನಿಯ ಎಸಿಗೂ ಒಂದೇ. ಎರಡು ಬೇಸಿಗೆ, ಎರಡು ಮಳೆಗಾಲ ಬಳಸಿದ ಮೇಲೆ ಬರೆಯುತ್ತಿದ್ದೇನೆ.

ಎಸಿ ಕೂರಿಸಲು ಬಂದ ಹುಡುಗ ಮೊದಲ ಸಲ ಚಾಲು ಮಾಡಿದಾಗ ಅದು 24 ಎಂದು ತೋರಿಸಿತು. ಇದಕ್ಕೆ ಕಾರಣ ಇದೆ. 2020ರ ಜನವರಿಯಿಂದ ನಮ್ಮ ದೇಶದಲ್ಲಿ ಸ್ಟಾರ್ ಗುರುತು ಇರುವ ರೂಮ್ ಎಸಿಗಳೆಲ್ಲ ಕಾರ್ಖಾನೆಯಿಂದ 24 ಡಿಗ್ರಿಗೆ ಸೆಟ್ ಆಗಿಯೇ ಬರಬೇಕು ಎಂದು ನಿಯಮ ಆಗಿದೆ. ಸ್ಟಾರ್ ಕೊಡುವ ಬಿಇಇ, ಅಂದರೆ ಇಂಧನ ದಕ್ಷತಾ ಬ್ಯೂರೋ, ಒಂದು ಡಿಗ್ರಿ ಏರಿಸಿದರೆ ಸುಮಾರು ಶೇಕಡಾ 6ರಷ್ಟು ಕರೆಂಟ್ ಉಳಿಯುತ್ತದೆ ಎನ್ನುತ್ತದೆ. ಆದರೆ ಆ ಹುಡುಗ ರಿಮೋಟ್ ತೆಗೆದುಕೊಂಡು ಟಕಟಕ ಒತ್ತಿ 18ಕ್ಕೆ ಇಳಿಸಿದ. "ಹೀಗೆ ಇಡಿ ಅಕ್ಕಾ, ಬೇಗ ತಂಪಾಗ್ತದೆ" ಅಂದ.

ಈ ಮಾತನ್ನು ನಾವೆಲ್ಲರೂ ನಂಬಿದ್ದೇವೆ, ಅಲ್ವಾ? ಆದರೆ ಇದು ಸರಿಯಲ್ಲ. ರೂಮು 31ರಲ್ಲಿದ್ದಾಗ ನೀವು 18 ಒತ್ತಿದರೂ 26 ಒತ್ತಿದರೂ ಇನ್ವರ್ಟರ್ ಎಸಿ ಮೊದಲು ತನ್ನ ಪೂರ್ತಿ ಶಕ್ತಿ ಹಾಕಿಯೇ ಓಡುತ್ತದೆ. 26ರವರೆಗೆ ಇಳಿಯಲು ಹಿಡಿಯುವ ಹೊತ್ತು ಹೆಚ್ಚುಕಮ್ಮಿ ಒಂದೇ. 26ಕ್ಕೆ ಇಟ್ಟರೆ ಅಲ್ಲಿಗೆ ಬಂದಮೇಲೆ ಕಂಪ್ರೆಸರ್ ನಿಧಾನವಾಗುತ್ತದೆ. 18ಕ್ಕೆ ಇಟ್ಟರೆ ಓಡುತ್ತಲೇ ಇರುತ್ತದೆ. ನಮ್ಮ ಸೆಕೆಯಲ್ಲಿ ಎಷ್ಟೋ ರಾತ್ರಿ ಅದು 18 ಮುಟ್ಟುವುದೇ ಇಲ್ಲ, ಬೆಳಗಿನವರೆಗೂ ಸುಮ್ನೆ ದುಡಿಯುತ್ತದೆ.

18ರಲ್ಲಿ ನಾವು ಒಂದು ರಾತ್ರಿಯೂ ಮಲಗಲಿಲ್ಲ. ಮನೆಯಲ್ಲಿ ಮಾತಾಡಿ 22 ಎಂದು ಒಪ್ಪಿಕೊಂಡೆವು. ಅದು ಅತ್ತೆಯ ಆಯ್ಕೆ ಅಲ್ಲ, ನಮ್ಮ ಮನೆಯವರದ್ದು. ಅವರು ಬೈತಖೋಲದ ಹತ್ತಿರ ಮೀನಿನ ಐಸ್ ಮಾಡುವ ಕಾರ್ಖಾನೆಯಲ್ಲಿ ಮಷಿನ್ ನೋಡಿಕೊಳ್ಳುತ್ತಾರೆ. ಇಡೀ ದಿನ ತಣ್ಣಗಿನ ಕಡೆ ಇದ್ದು ಮನೆಗೆ ಬಂದರೆ ಸೆಕೆ ತಡೆಯಲು ಆಗುವುದಿಲ್ಲ ಅವರಿಗೆ. "ದುಡ್ಡು ಕೊಟ್ಟು ತಂದದ್ದು ತಂಪಾಗಲಿಕ್ಕೇ ಅಲ್ವಾ" ಎನ್ನುತ್ತಿದ್ದರು. ನನಗೂ ಆಗ ಅದು ಸರಿ ಅನ್ನಿಸಿತ್ತು.

ಏಪ್ರಿಲ್ ಬಿಲ್ ಬಂತು. 254 ಯುನಿಟ್.

ಸರ್ಕಾರದ ಉಚಿತ ಕರೆಂಟ್ ಯೋಜನೆ ಗೃಹಜ್ಯೋತಿ ಇರುವವರಿಗೆ ಈ ಅಂಕಿಯ ಅರ್ಥ ತಕ್ಷಣ ಗೊತ್ತಾಗುತ್ತದೆ. 2022-23ರಲ್ಲಿ ನಮ್ಮ ತಿಂಗಳ ಸರಾಸರಿ 118 ಯುನಿಟ್. ಅದಕ್ಕೆ ಶೇಕಡಾ 10 ಸೇರಿಸಿ 130 ಯುನಿಟ್ ಉಚಿತ. 130 ದಾಟಿ 200ರ ಒಳಗಿದ್ದರೆ ಹೆಚ್ಚಾದ ಯುನಿಟ್ಟಿಗೆ ಮಾತ್ರ ದುಡ್ಡು. 200 ದಾಟಿತೋ, ಪೂರ್ತಿ ಬಿಲ್ ನಮ್ಮದೇ. ಅಷ್ಟು ತಿಂಗಳು ಸೊನ್ನೆ ಬಿಲ್ ನೋಡಿ ರೂಢಿಯಾಗಿತ್ತು. ಆ ತಿಂಗಳು ಎರಡು ಸಾವಿರ ದಾಟಿತ್ತು. ಅತ್ತೆ ಬಿಲ್ಲಿನ ಚೀಟಿಯನ್ನು ಕೈಯಲ್ಲಿ ಹಿಡಿದು ತುಂಬಾ ಹೊತ್ತು ನೋಡಿದರು. ಆಮೇಲೆ ಮೆಲ್ಲಗೆ, "ನನಗೋಸ್ಕರ ಆದರೆ ಬೇಡ ತಂಗಿ, ನಾನು ನೆಲದ ಮೇಲೇ ಮಲಗ್ತೇನೆ" ಅಂದರು. ಆ ಮಾತು ಕೇಳಿ ನನಗೆ ಅಳು ಬಂತು. ಎಸಿ ನಿಲ್ಲಿಸುವ ಪ್ರಶ್ನೆಯೇ ಇರಲಿಲ್ಲ. 200ರ ಒಳಗೆ ಹೇಗಾದರೂ ತರಬೇಕಿತ್ತು.

ನಾನು ಸಹಕಾರಿ ಸಂಘವೊಂದರಲ್ಲಿ ಲೆಕ್ಕ ಬರೆಯುವವಳು. ಯಾವುದಕ್ಕೆ ಎಷ್ಟು ಹೋಯಿತು ಎಂದು ಬರೆದಿಡದೆ ನನಗೆ ಏನೂ ತಿಳಿಯುವುದಿಲ್ಲ. ಮೇ ಒಂದರಿಂದ ಶುರು ಮಾಡಿದೆ. ರಾತ್ರಿ ಹತ್ತಕ್ಕೆ ಮತ್ತು ಬೆಳಗ್ಗೆ ಆರಕ್ಕೆ, ಟಾರ್ಚ್ ಹಿಡಿದು ಹೊರಗಿನ ಮೀಟರ್ ಮುಂದೆ ನಿಲ್ಲುವುದು. ಈಗಿನ ಡಿಜಿಟಲ್ ಮೀಟರಿನಲ್ಲಿ ಅಂಕಿಗಳು ಒಂದಾದ ಮೇಲೆ ಒಂದು ಬದಲಾಗುತ್ತವೆ. ತಾರೀಕು, ಸಮಯ, ವೋಲ್ಟ್, ಇನ್ನೇನೇನೋ. ಯುನಿಟ್ ಬರುವವರೆಗೆ ಕಾಯಬೇಕು, ಬಂದ ಕೂಡಲೇ ಓದಬೇಕು, ತಪ್ಪಿದರೆ ಮತ್ತೆ ಒಂದು ಸುತ್ತು. ಓದಿ ಬಂದು ಅಡುಗೆಮನೆಯ ಕ್ಯಾಲೆಂಡರಿನಲ್ಲಿ ಆ ದಿನದ ಚೌಕದೊಳಗೆ ಪೆನ್ಸಿಲಿನಲ್ಲಿ ಬರೆಯುವುದು. ಎಸಿ ಹಾಕದ ಎರಡು ರಾತ್ರಿ ಮೊದಲು ಅಳೆದೆ. ಫ್ರಿಜ್ಜು, ಫ್ಯಾನು ಎಲ್ಲ ಸೇರಿ 1.1 ಯುನಿಟ್. ಮುಂದೆ ಬಂದ ಅಂಕಿಗಳಲ್ಲಿ ಅದನ್ನು ಕಳೆದರೆ ಉಳಿದದ್ದು ಎಸಿಯದ್ದು.

22ರಲ್ಲಿ ಇಟ್ಟ ರಾತ್ರಿಗಳಲ್ಲಿ ಎಸಿ ಒಂದೇ ತಿಂದದ್ದು 4.4 ಯುನಿಟ್‌ನ ಆಸುಪಾಸು. 24ರಲ್ಲಿ 3.4. ಫ್ಯಾನ್ ಜೊತೆಗೆ 27ರಲ್ಲಿ 2.2.

ಅರ್ಧಕ್ಕೆ ಅರ್ಧ! ಬಿಇಇ ಹೇಳಿದ ಲೆಕ್ಕದಲ್ಲಿ ಐದು ಡಿಗ್ರಿಗೆ ಶೇಕಡಾ 30 ಉಳಿದರೆ ಹೆಚ್ಚು. ನನ್ನ ಕ್ಯಾಲೆಂಡರಿನಲ್ಲಿ ಶೇಕಡಾ 50 ಬಂದಿದೆ. ತಪ್ಪು ಓದಿದೆನೇನೋ ಎಂದು ಮತ್ತೆ ನಾಲ್ಕು ರಾತ್ರಿ ಅಳೆದೆ. ಅಷ್ಟೇ ಬಂತು. ನಮ್ಮ ಮನೆಯವರನ್ನು ಕೇಳಿದಾಗ ಅವರು ಐಸ್ ಕಾರ್ಖಾನೆಯ ಭಾಷೆಯಲ್ಲಿ ಹೇಳಿದರು. ಮಷಿನ್‌ಗೆ ಬೀಳುವ ಭಾರ ಒಳಗಿನ ತಂಪಿಗೂ ಹೊರಗಿನ ಬಿಸಿಗೂ ಇರುವ ಅಂತರದ್ದು. ಕಾರವಾರದಲ್ಲಿ ಮೇ ತಿಂಗಳ ರಾತ್ರಿ ಹೊರಗೆ 28, 29 ಡಿಗ್ರಿ. ಒಳಗೆ 22 ಬೇಕೆಂದರೆ ಏಳು ಡಿಗ್ರಿಯ ಅಂತರವನ್ನು ರಾತ್ರಿಯಿಡೀ ಹಿಡಿದು ನಿಲ್ಲಿಸಬೇಕು. 27 ಆದರೆ ಎರಡೇ ಡಿಗ್ರಿ. ಹಗಲು 40 ದಾಟುವ ಬಯಲುಸೀಮೆಯ ಊರಿನಲ್ಲಿ ಈ ಲೆಕ್ಕ ಬೇರೆ ಇರುತ್ತದೆ. ನಮ್ಮ ಕರಾವಳಿಯ ರಾತ್ರಿಗೆ ಒಂದೊಂದು ಡಿಗ್ರಿಯೂ ಜಾಸ್ತಿ ಬೆಲೆಯದ್ದು.

ಸರಿ, ಉಳಿಯುತ್ತದೆ. ಆದರೆ 27ರಲ್ಲಿ ನಿದ್ದೆ ಬರುತ್ತದೆಯೇ? ಮನೆಯವರು ಕೇಳಿದ್ದೂ ಇದನ್ನೇ.

ನಮಗೆ ಕಾಡುವುದು ಬಿಸಿಲಿನ ಉರಿಗಿಂತ ಸೆಕೆ. ಸಂಜೆ ಸಮುದ್ರದ ಗಾಳಿ ನಿಂತಿತೋ, ಮೈಮೇಲಿನ ಬೆವರು ಮೈಮೇಲೇ ಉಳಿಯಿತು. ಗಾಳಿಯಲ್ಲಿ ಆಗಲೇ ನೀರು ತುಂಬಿರುವಾಗ ಬೆವರು ಆರುವುದಾದರೂ ಹೇಗೆ? ಉಷ್ಣತೆ ಮತ್ತು ತೇವ ಎರಡನ್ನೂ ತೋರಿಸುವ ಪುಟ್ಟ ಮೀಟರ್ ಒಂದನ್ನು ತಂದು ಅತ್ತೆಯ ಮಂಚದ ಹತ್ತಿರ ಇಟ್ಟೆ. ರಾತ್ರಿ ಹತ್ತಕ್ಕೆ, ಎಸಿ ಹಾಕುವ ಮೊದಲು: 31 ಡಿಗ್ರಿ, ತೇವ ಶೇಕಡಾ 78. ಎಸಿ 27ಕ್ಕೆ ಇಟ್ಟು ಮುಕ್ಕಾಲು ಗಂಟೆ ಕಳೆದ ಮೇಲೆ: 27 ಡಿಗ್ರಿ, ತೇವ 60. ನಾಲ್ಕು ಡಿಗ್ರಿ ಇಳಿದದ್ದಕ್ಕಿಂತ ಆ 78 ಹೋಗಿ 60 ಆದದ್ದು ಮೈಗೆ ಗೊತ್ತಾಗುತ್ತದೆ. ದಿಂಬು ಒಣಗಿದ ಹಾಗೆ, ಹೊದಿಕೆ ಹಗುರಾದ ಹಾಗೆ. ಮೇಲೆ ಫ್ಯಾನ್ ಎರಡರಲ್ಲೋ ಮೂರರಲ್ಲೋ ತಿರುಗಿದರೆ ಮೈಗೆ ಇನ್ನೂ ಎರಡು ಡಿಗ್ರಿ ಕಡಿಮೆ ಇದ್ದಂತೆ ಅನ್ನಿಸುತ್ತದೆ. ಹಳೆ ಫ್ಯಾನ್ 75 ವ್ಯಾಟ್ ಎಳೆಯುತ್ತಿತ್ತು. ಅದನ್ನು ತೆಗೆದು 30 ವ್ಯಾಟ್‌ನ ಬಿಎಲ್‌ಡಿಸಿ ಫ್ಯಾನ್, ಅಂದರೆ ಕಡಿಮೆ ಕರೆಂಟ್ ಎಳೆಯುವ ಮೋಟರಿನದ್ದು, ಹಾಕಿದೆವು. ಎಸಿ ಹಾಕಿದಾಗ ಫ್ಯಾನ್ ಹಾಕಬಾರದು ಎನ್ನುವವರ ಮಾತು ಕೇಳಬೇಡಿ.

ಮನೆಯವರು ಒಪ್ಪಿದ್ದು ಇದರಿಂದಲ್ಲ, ಕಿಟಕಿಯಿಂದ. ಅದನ್ನು ಸ್ವಲ್ಪ ವಿವರವಾಗಿ ಹೇಳಬೇಕು.

22ರಲ್ಲಿ ಮಲಗುತ್ತಿದ್ದ ದಿನಗಳಲ್ಲಿ ಬೆಳಗ್ಗೆ ಎದ್ದರೆ ಕಿಟಕಿಯ ಗಾಜು ಮಂಜು ಮಂಜು. ಒಳಗಿನಿಂದ ಒರೆಸಿದರೆ ಹೋಗುತ್ತಿರಲಿಲ್ಲ, ಏಕೆಂದರೆ ನೀರು ಇದ್ದದ್ದು ಹೊರಗಡೆ. ಗಾಜಿನ ಹೊರಮೈಯಿಂದ ಹನಿ ಇಳಿದು ಕೆಳಗಿನ ಕಟ್ಟಿಗೆಯ ಚೌಕಟ್ಟು ಒದ್ದೆಯಾಗಿ, ಬಣ್ಣ ಉಬ್ಬಿ, ಉಗುರಿನಿಂದ ಒತ್ತಿದರೆ ಸಿಪ್ಪೆಯ ಹಾಗೆ ಏಳುತ್ತಿತ್ತು. ಅದಕ್ಕಿಂತ ದೊಡ್ಡ ನಷ್ಟ ಪಕ್ಕದ ರೂಮಿನಲ್ಲಿ. ಎಸಿ ಗಾಳಿ ನೇರ ಬಡಿಯುವ ಗೋಡೆಯ ಆಚೆ ನನ್ನ ಕಪಾಟು, ಗೋಡೆಗೆ ಒತ್ತಿಯೇ ಇತ್ತು. ಮೇ ಮೊದಲ ವಾರ ಮದುವೆಗೆಂದು ರೇಷ್ಮೆ ಸೀರೆ ತೆಗೆದರೆ ಮಡಿಕೆಯ ಉದ್ದಕ್ಕೂ ಬೆಳ್ಳಗೆ ಬೂಸ್ಟು. ಕೈಗೆ ತಣ್ಣಗೆ ಹತ್ತಿತು ಸೀರೆ. ಕಪಾಟಿನ ಹಿಂದೆ ಕೈ ಹಾಕಿದೆ, ಗೋಡೆ ಬೆವರುತ್ತಿತ್ತು.

ಮನೆಯವರು ಬಂದು ಗೋಡೆ ಮುಟ್ಟಿ ನೋಡಿದರು. ಒಂದೇ ಕ್ಷಣದಲ್ಲಿ ಅವರಿಗೆ ಗೊತ್ತಾಯಿತು. ಕಾರ್ಖಾನೆಯಲ್ಲಿ ತಣ್ಣಗಿನ ಪೈಪಿಗೆ ಸುತ್ತಿದ ಹೊದಿಕೆ ಎಲ್ಲಾದರೂ ಹರಿದರೆ ಆ ಜಾಗದಲ್ಲಿ ಪೈಪ್ ಧಾರಾಕಾರ ಬೆವರುತ್ತದಂತೆ. ಇದೂ ಅದೇ. ಗಾಳಿಯಲ್ಲಿ ಎಷ್ಟು ನೀರಿದೆ ಎನ್ನುವುದರ ಮೇಲೆ ಒಂದು ಮಟ್ಟ ಇರುತ್ತದೆ. ಅದಕ್ಕಿಂತ ತಣ್ಣಗಿನ ವಸ್ತು ಸಿಕ್ಕರೆ ಗಾಳಿಯ ನೀರು ಅದರ ಮೇಲೆ ಹನಿಯಾಗಿ ಕೂರುತ್ತದೆ. 29 ಡಿಗ್ರಿ, ಶೇಕಡಾ 80 ತೇವ ಇರುವ ರಾತ್ರಿಗೆ ಆ ಮಟ್ಟ ಸುಮಾರು 25. ನಾವು ರೂಮನ್ನು 22ಕ್ಕೆ ತಂದು, ಗೋಡೆ ಗಾಜು ಎಲ್ಲವನ್ನೂ ಆ ಮಟ್ಟದ ಕೆಳಗೆ ಇಳಿಸುತ್ತಿದ್ದೆವು. 27 ಅಂದರೆ ಅದಕ್ಕಿಂತ ಮೇಲೆ. "ನಾಳೆಯಿಂದ 27ಕ್ಕೇ ಇಡು" ಎಂದು ಅವರೇ ಹೇಳಿದರು. ಆ ದಿನದಿಂದ ಗಾಜು ಮಂಜಾಗಿಲ್ಲ. ಕಪಾಟನ್ನು ಗೋಡೆಯಿಂದ ನಾಲ್ಕು ಬೆರಳು ಈಚೆ ಎಳೆದೆವು.

ಅತ್ತೆಗಂತೂ 27 ಮೊದಲ ರಾತ್ರಿಯಿಂದಲೇ ಹಿಡಿಸಿತು. 22ರಲ್ಲಿ ಅವರು ಕಂಬಳಿ ಹೊದ್ದು, ಕಾಲಿಗೆ ಸಾಕ್ಸ್ ಹಾಕಿ ಮಲಗುತ್ತಿದ್ದರು. ಬೆಳಗ್ಗೆ ಮಂಡಿ ಬಗ್ಗುತ್ತಿರಲಿಲ್ಲ. ನಮಗೆ ಬೇಜಾರಾಗದಿರಲಿ ಎಂದು ಹೇಳಿರಲಿಲ್ಲ ಅಷ್ಟೇ. ಈಗ ಹತ್ತಿಯ ತೆಳು ಸೀರೆ ಹೊದ್ದುಕೊಳ್ಳುತ್ತಾರೆ. ಕಂಬಳಿ ಹೊದ್ದು ಮಲಗುವಷ್ಟು ತಂಪು ಮಾಡಿಕೊಳ್ಳಲು ಕರೆಂಟ್ ಸುಡುವುದು ಈಗ ನನಗೆ ಬಹಳ ಬೇಸರದ ವಿಷಯ. ಕೈಗಾದ ಅಣು ವಿದ್ಯುತ್ ಸ್ಥಾವರ, ಕರೆಂಟ್ ತಯಾರಿಸುವ ಕದ್ರಾ ಅಣೆಕಟ್ಟು ಎರಡೂ ನಮ್ಮ ತಾಲ್ಲೂಕಿನಲ್ಲೇ ಇವೆ. ಕರೆಂಟ್ ಎಲ್ಲಿಂದ ಬರುತ್ತದೆ, ಅದಕ್ಕಾಗಿ ಯಾರು ಯಾರು ಮನೆ ಜಮೀನು ಬಿಟ್ಟು ಎದ್ದು ಬಂದರು ಎನ್ನುವುದನ್ನು ಈ ಊರಿನಲ್ಲಿ ಯಾರಿಗೂ ಹೇಳಿಕೊಡಬೇಕಾಗಿಲ್ಲ.

ಮುಂದಿನ ಬಿಲ್ 191 ಯುನಿಟ್. 61 ಯುನಿಟ್ಟಿಗೆ ಮಾತ್ರ ದುಡ್ಡು ಕಟ್ಟಿದೆವು. 2025ರ ಬೇಸಿಗೆಯಲ್ಲೂ ಒಂದು ತಿಂಗಳೂ 200 ದಾಟಲಿಲ್ಲ. ಆ ವರ್ಷ ಮೇ ಕೊನೆಯ ವಾರಕ್ಕೇ ಮಳೆ ಹಿಡಿದದ್ದೂ ಅನುಕೂಲವಾಯಿತು.

27ರ ಜೊತೆಗೆ ಮಾಡಿಕೊಂಡ ಇನ್ನೂ ಕೆಲವು ಕೆಲಸ ಇದೆ. ಬಾಗಿಲ ಕೆಳಗಿನ ಸಂದಿಗೆ ಹಳೆ ಸೀರೆಯನ್ನು ಸುರುಳಿ ಮಾಡಿ ಇಡುತ್ತೇನೆ. ನಮ್ಮಲ್ಲಿ ಸಂದಿಯಿಂದ ಬರುವುದು ಬರೀ ಬಿಸಿಗಾಳಿ ಅಲ್ಲ, ನೀರು ತುಂಬಿದ ಗಾಳಿ. ಅದನ್ನು ಒಣಗಿಸಲೂ ಎಸಿಯೇ ದುಡಿಯಬೇಕು. ಎಸಿಯ ರೆಕ್ಕೆಯನ್ನು ಮೇಲಕ್ಕೆ ಮಾಡಿ ಇಡುತ್ತೇವೆ, ತಣ್ಣನೆ ಗಾಳಿ ತಾನಾಗಿ ಕೆಳಗೆ ಇಳಿಯುತ್ತದೆ, ಅತ್ತೆಯ ಮುಖಕ್ಕೆ ನೇರ ಬಡಿಯುವುದಿಲ್ಲ. ಏಪ್ರಿಲ್‌ನಲ್ಲಿ ತಾರಸಿ ಮೇಲೆ ತೆಂಗಿನ ಗರಿ ದಪ್ಪವಾಗಿ ಹಾಸಿದೆವು. ಇಡೀ ದಿನ ಬಿಸಿಲು ಕುಡಿದ ಸ್ಲ್ಯಾಬ್ ರಾತ್ರಿಯೆಲ್ಲ ಅದನ್ನು ಕೆಳಗೆ ಬಿಡುತ್ತಿತ್ತು, ಅದು ಸಾಕಷ್ಟು ಕಡಿಮೆ ಆಯಿತು. ಫಿಲ್ಟರ್ ಹದಿನೈದು ದಿನಕ್ಕೊಮ್ಮೆ ನಲ್ಲಿ ಕೆಳಗೆ ತೊಳೆಯುತ್ತೇನೆ.

ಮಳೆಗಾಲದಲ್ಲಿ ಮಾತ್ರ 27 ಕೆಲಸ ಮಾಡುವುದಿಲ್ಲ. ಇದು ನನಗೆ ಆ ಜೂನಿನಲ್ಲಿ ಗೊತ್ತಾಯಿತು. ಹೊರಗೇ 26 ಇರುವಾಗ ಎಸಿ ತನ್ನ ಕೆಲಸ ಮುಗಿಯಿತು ಎಂದುಕೊಂಡು ಕಂಪ್ರೆಸರ್ ನಿಲ್ಲಿಸುತ್ತದೆ. ಬರೀ ಒಳಗಿನ ಫ್ಯಾನ್ ತಿರುಗುತ್ತದೆ. ಒದ್ದೆ ಕಾಯಿಲ್ ಮೇಲಿನ ನೀರು ಮತ್ತೆ ಗಾಳಿಗೆ ಸೇರಿ ತೇವ 80ಕ್ಕೆ ಹೋಗುತ್ತದೆ. ಆಗ ಡ್ರೈ ಮೋಡ್ ಹಾಕಬೇಕು. ರಿಮೋಟಿನಲ್ಲಿ ಹನಿಯ ಚಿತ್ರ ಇರುವುದು ಅದೇ. ಮಲಗುವ ಮೊದಲು ಒಂದು ಗಂಟೆ ಹಾಕಿ ಬಂದ್ ಮಾಡಿದರೆ ಸಾಕು, ಹಾಸಿಗೆಯ ಮುಗ್ಗು ವಾಸನೆ ಹೋಗುತ್ತದೆ. ಮೂರು ಸಾವಿರ ಮಿಲಿಮೀಟರ್‌ಗೂ ಮಿಕ್ಕಿ ಮಳೆ ಬೀಳುವ ಊರಿನಲ್ಲಿ ಇದೊಂದು ಗುಂಡಿ ನನಗೆ ಎಸಿಯ ಅರ್ಧ ಬೆಲೆಗೆ ಸಮ. ಶಾಲೆಯ ಯೂನಿಫಾರ್ಮ್ ಒಣಗದ ಮನೆಗಳವರು ಇದನ್ನು ನೆನಪಿಡಿ.

ಇನ್ನು ಈ ಎಸಿಯ ತೊಂದರೆಗಳು. ಕರೆಂಟ್ ಹೋಗಿ ಬಂದರೆ ಇದು ನಾವಿಟ್ಟ 27ನ್ನು ಮರೆತು 24ಕ್ಕೆ ಹೋಗುತ್ತದೆ. ಏಪ್ರಿಲ್, ಮೇನಲ್ಲಿ ಗುಡುಗು ಸಿಡಿಲು ಶುರುವಾದರೆ ಕಾರವಾರದಲ್ಲಿ ಕರೆಂಟ್ ಎಷ್ಟು ಸಲ ಹೋಗಿ ಬರುತ್ತದೆ ಎಂದು ನಿಮಗೇ ಗೊತ್ತು. ಪ್ರತಿ ಸಲ ಎದ್ದು ರಿಮೋಟ್ ಒತ್ತಬೇಕು. ಕೊಳ್ಳುವ ಮೊದಲೇ ಅಂಗಡಿಯಲ್ಲಿ ಪ್ಲಗ್ ತೆಗೆದು ಹಾಕಿ ತೋರಿಸಿ ಎಂದು ಕೇಳಿ. ಎರಡನೆಯದು, ಇದರ ಉಷ್ಣತೆ ಅಳೆಯುವ ಸೆನ್ಸರ್ ಮೇಲೆ, ಎಸಿಯೊಳಗೇ ಇದೆ. ಅಲ್ಲಿ 27 ಇದ್ದಾಗ ಮಂಚದ ಹತ್ತಿರ ಒಮ್ಮೊಮ್ಮೆ 26. ಕೆಲವು ಮಾಡೆಲ್‌ಗಳಲ್ಲಿ ರಿಮೋಟಿನೊಳಗೂ ಸೆನ್ಸರ್ ಇರುತ್ತದೆ, ದಿಂಬಿನ ಹತ್ತಿರ ಇಟ್ಟರೆ ಅಲ್ಲಿಯ ಉಷ್ಣತೆ ನೋಡಿ ನಡೆಯುತ್ತದೆ. ಈಗ ಕೊಳ್ಳುವುದಾದರೆ ನಾನು ಅದನ್ನೇ ಕೊಳ್ಳುತ್ತಿದ್ದೆ. ಸ್ಲೀಪ್ ಮೋಡ್ ಚೆನ್ನಾಗಿದೆ, ಗಂಟೆಗೊಂದು ಡಿಗ್ರಿಯಂತೆ ಎರಡು ಡಿಗ್ರಿ ಏರಿಸಿ ನಿಲ್ಲುತ್ತದೆ. 26ಕ್ಕೆ ಇಟ್ಟು ಸ್ಲೀಪ್ ಒತ್ತಿದರೆ ಬೆಳಗಿನ ಜಾವಕ್ಕೆ 28.

ಸರ್ವಿಸ್ ಬಗ್ಗೆ ಒಳ್ಳೆಯ ಮಾತು ಹೇಳಲು ಆಗುತ್ತಿಲ್ಲ. ಕಳೆದ ಮಾರ್ಚ್‌ನಲ್ಲಿ ಒಳಗಿನ ಯೂನಿಟ್‌ನಿಂದ ನೀರು ಸೋರಲು ಶುರುವಾಯಿತು. ಫೋನ್ ಮಾಡಿ 19 ದಿನ ಕಾದೆವು. ಬಂದವರು ಡ್ರೈನ್ ಪೈಪ್ ಊದಿ ಹೋದರು, ಹತ್ತು ನಿಮಿಷದ ಕೆಲಸ. ಅಷ್ಟು ದಿನ ಅತ್ತೆ ಹಾಲ್‌ನಲ್ಲಿ ಮಲಗಿದರು. ಸಮುದ್ರ ಹತ್ತಿರ ಇರುವ ಊರಿನಲ್ಲಿ ಸರ್ವಿಸ್‌ನವರು ಎಲ್ಲಿಂದ ಬರುತ್ತಾರೆ ಎಂದು ಮೊದಲೇ ವಿಚಾರಿಸಿಕೊಳ್ಳಿ. ಊರಲ್ಲೇ ಇರುವವರು ಸಿಕ್ಕರೆ ಸಾವಿರ ಎರಡು ಸಾವಿರ ಹೆಚ್ಚು ಕೊಟ್ಟರೂ ನಷ್ಟವಿಲ್ಲ.

ಅದೇ ಡ್ರೈನ್ ಪೈಪಿನ ನೀರಿಗೆ ಬಕೆಟ್ ಇಟ್ಟಿದ್ದೇನೆ. 22ರಲ್ಲಿ ಬೆಳಗಾಗುವಷ್ಟರಲ್ಲಿ ಬಕೆಟ್ ತುಂಬುತ್ತಿತ್ತು, ಈಗ ಅರ್ಧ. ಅಬ್ಬಲಿಗೆ ಗಿಡಗಳಿಗೆ ಮತ್ತು ನೆಲ ಒರೆಸಲು ಆಗುತ್ತದೆ.

ಗೀಸರ್ ಬಗ್ಗೆ ಒಂದು ಮಾತು, ಏಕೆಂದರೆ ಅದರಲ್ಲೂ ಇಂಥದೇ ಒಂದು ತಿರುಗುಣಿ ಇದೆ, ಯಾರೂ ಮುಟ್ಟುವುದಿಲ್ಲ. ನಮ್ಮ 15 ಲೀಟರ್ ಗೀಸರ್ 60ಕ್ಕೆ ಇತ್ತು. ಶಿರಸಿ ಕಡೆ ನಮ್ಮ ಆಯಿಯ ಮನೆಯಲ್ಲಿ ಬಚ್ಚಲ ಒಲೆಗೆ ಅಡಿಕೆ ಸಿಪ್ಪೆ ಹಾಕಿ ಹಂಡೆ ಕಾಯಿಸುತ್ತಾರೆ, ಅಲ್ಲಿಯ ಚಳಿಗೆ ಸುಡುನೀರೇ ಬೇಕು. ಕಾರವಾರದ ಟ್ಯಾಂಕಿನ ನೀರು ಬರುವಾಗಲೇ 28 ಡಿಗ್ರಿ ಇರುತ್ತದೆ. 60ಕ್ಕೆ ಕಾಯಿಸಿ ಅದಕ್ಕೆ ತಣ್ಣೀರು ಬೆರೆಸಿ ಸ್ನಾನ ಮಾಡಿ, ಉಳಿದ ಬಿಸಿನೀರು ಗೀಸರಿನಲ್ಲೇ ತಣಿಯಲು ಬಿಡುತ್ತಿದ್ದೆವು. ಆ ಉಳಿದದ್ದೇ ನಷ್ಟ. ಈಗ 50ಕ್ಕೆ ಇದೆ, ಸ್ನಾನಕ್ಕೆ ಹತ್ತು ನಿಮಿಷ ಮೊದಲು ಹಾಕಿ, ನೀರು ಬಿಡುವ ಮೊದಲು ಬಂದ್.

ನಕ್ಷತ್ರ ಕೊಡಬೇಕೆಂದರೆ ಎಸಿಗೆ ಐದರಲ್ಲಿ ನಾಲ್ಕು, ಸರ್ವಿಸ್‌ಗೆ ಒಂದು. ಹೊರಗಿನ ಯೂನಿಟ್‌ನ ಕಬ್ಬಿಣದ ಸ್ಟ್ಯಾಂಡ್ ಉಪ್ಪುಗಾಳಿಗೆ ಆಗಲೇ ತುಕ್ಕು ಹಿಡಿದಿದೆ, ಬೋಲ್ಟ್ ಹತ್ತಿರ ಪದರ ಪದರವಾಗಿ ಏಳುತ್ತಿದೆ. ತಿಂಗಳಿಗೊಮ್ಮೆ ಸಿಹಿನೀರಿನಲ್ಲಿ ಮೆಲ್ಲಗೆ ತೊಳೆಯುತ್ತಿದ್ದರೂ ತಡೆಯಲಿಲ್ಲ. ಮುಂದಿನ ಬೇಸಿಗೆಗೆ ಮೊದಲು ಸ್ಟೇನ್‌ಲೆಸ್ ಸ್ಟೀಲಿನದ್ದು ಹಾಕಿಸಬೇಕು. ಮನೆಯವರು ಕಾರ್ಖಾನೆಯ ವೆಲ್ಡರ್‌ಗೆ ಅಳತೆ ಕೊಟ್ಟು ಬಂದಿದ್ದಾರೆ.